ಬಿಚ್ಚಬ್ಯಾಡ

ಕುಂದ್ರು ಇಲ್ಲಿ, ಆ ಟಾಯರ್ ಮ್ಯಾಲ.
ಎಂಜಿನ್ ತೆಗೀರಿ, ತೆಗೀರಿ ಅಂತ ಒಂದೇ ಸವನ ಅನಬ್ಯಾಡ.
ವಾಡಿ ಊರಿನ ಗಾಡಿ ಇದು, ಸಿಮೆಂಟಿನ ಧೂಳ
ಉಸಿರಿನ ಜೋಡಿ ಒಳಗ ಹೋಗ್ತದ.
ನಿನಗೂ ಹೋಗ್ತದ, ನನಗೂ.
ನಮ್ಮನ್ನ ಯಾರರ ಬಿಚ್ಚಿ ತೊಳೀತಾರೇನು?

ಹನ್ನೊಂದು ವರ್ಷದಾಗ ಎಷ್ಟು ಸರ್ತಿ ಎಣ್ಣಿ ಬದಲಿಸೀದಿ?
ಹೇಳಬ್ಯಾಡ. ಡಿಪ್‌ಸ್ಟಿಕ್ ಹೇಳ್ಲತ್ತದ.
ಬೆರಳಿಗಿ ಹಚ್ಚಿದ್ರ ಕಾಡಿಗಿ,
ಮೂಸಿದ್ರ ಸೀದ ಒಗ್ಗರಣಿ.

ಚಾಲೂ ಮಾಡು ಮೊದಲ.
ಒಂದು ಕಪ್ ಚಾ ಮುಗಿಯೋ ತನಕ ತಿರಗಲಿ.
ತಣ್ಣಗಿನ ಎಣ್ಣಿ ಹೊರಗ ಬರಲಾಕ ನಾಚ್ತದ,
ಬಿಸಿ ಆದ್ರ ತಾನೇ ಹಾದಿ ಹಿಡೀತದ.

ಸಾಕು, ಬಂದ್ ಮಾಡು. ಹದಿನೇಳರ ಪಾನಾ ಕೊಡು.
ಅದಲ್ಲ, ಅದರ ಬಾಜೂದು.
ತಳಗ ಒಂದು ಬೋಲ್ಟ್ ಅದ. ಇಡೀ ಗಾಡ್ಯಾಗ
ನಾ ಮುಟ್ಟೋದು ಅದೊಂದೇ, ಅಮ್ಮಿ ಕಸಂ.
ಇದು ಅದರ ವಾಷರ್.
ನಿನ್ನ ಕೈಯಾಗ ಇಟ್ಕೋ. ಎಲ್ಲೂ ಇಡಬ್ಯಾಡ.
ಡಾಲ್ಡಾ ಡಬ್ಬಿ ತಳಗ ನೂಕು. ದೂರ ಸರಿ, ಸುಡ್ತದ.

ನೋಡು, ಹ್ಯಾಂಗ ಬರ್ಲತ್ತದ.
ಹನ್ನೊಂದು ವರ್ಷದ ರಾವೂರ, ಚಿತ್ತಾಪುರ, ನಾಲವಾರ,
ಹೆಂಡ್ತಿಗಿ ಬ್ಯಾನಿ ಎದ್ದ ರಾತ್ರಿ ಶಹಾಬಾದಿಗಿ ಹೊಡದದ್ದು,
ಮೂರು ಮಂದಿ ಕುಂತು ಏರು ಹತ್ತಿಸಿದ್ದು,
ಎಲ್ಲಾ ಒಂದೇ ಬಣ್ಣ.

ಕೊಡು ವಾಷರ್, ಬಿಗೀತೀನಿ.
ಈಗ ಸಸ್ತಾ ಎಣ್ಣಿ,
ಅದರಾಗ ಒಂದು ಚಾ ಗ್ಲಾಸ್ ಡಿಜೇಲು.
ಐದು ನಿಮಿಷ ನಿಂತಲ್ಲೇ ಗುರುಗುಟ್ಟಲಿ.
ರೇಸ್ ಕೊಡಬ್ಯಾಡೋ ಮಾರಾಯಾ!
ಬಾಯಿ ಮುಕ್ಕಳಿಸೂವಾಗ ಯಾರರ ಓಡ್ತಾರೇನು?

ಲಾಡ್ಲೇಸಾಬ ಬಿಚ್ಚಂಗಿಲ್ಲ, ಅಂವಗ ಬರಂಗಿಲ್ಲ ಅಂತ
ಸ್ಟೇಷನ್ ರೋಡಿನ ಮಂದಿ ನಗ್ತಾರ.
ನೀ ನಗಲಿಲ್ಲ, ಖರೇ. ನಿನ್ನ ಮಾರಿ ಕೇಳ್ಲತ್ತದ.

ಹತ್ತೊಂಬತ್ತು ತುಂಬಿರಲಿಲ್ಲ ನನಗ.
ಉಸ್ತಾದ ಜುಮ್ಮಾ ನಮಾಜಿಗಿ ಹೋಗಿದ್ದ.
ಸನ್ನತಿ ಕಡಿಂದ ಒಬ್ಬ ಬಂದ, ಬಿಳೇ ಧೋತರ, ಕರೇ ರಾಜದೂತ.
ಒಳಗ ಟಿಕ್ ಟಿಕ್ ಅಂತದಪಾ ತಮ್ಮಾ, ಅಂದ.
ನಾ ಹುಲಿ ಆಗ. ಬಿಚ್ಚೇಬಿಟ್ಟೆ.
ಶಹಾಬಾದ ಫರಸಿ ಮ್ಯಾಲ ಸಾಲಾಗಿ ಜೋಡಿಸಿದೆ,
ಸೀಮಿಎಣ್ಣ್ಯಾಗ ಒಂದೊಂದೇ ತಿಕ್ಕಿದೆ,
ತಿರಗಿ ಕೂಡಿಸಿದೆ. ಹೊಡದೆ ಕಿಕ್.
ಹತ್ತಿತು! ಟಿಕ್ ಟಿಕ್ ಇರಲಿಲ್ಲ.
ಇಪ್ಪತ್ತು ರೂಪಾಯಿ ಕೊಟ್ಟು, ಹುಡುಗನಾದ ನನಗ
ಕೈ ಮುಗದು ಹೋದ ಅಂವ.

ರೈಲ್ ಗೇಟ್ ದಾಟಿದ ಮ್ಯಾಲ ನೋಡಿದೆ.
ಫರಸಿ ಮ್ಯಾಲ ಒಂದು ವಾಷರ್,
ಹುಡುಗಿ ಕಾಲುಂಗರದಷ್ಟು.

ಓಡಿದೆ. ಗೇಟ್ ಬಿದ್ದಿತ್ತು.
ಗೂಡ್ಸ್ ಗಾಡಿ, ಐವತ್ತೆಂಟು ಡಬ್ಬಿ.
ಯಾಕ ಎಣಿಸಿದೆ, ಗೊತ್ತಿಲ್ಲ.
ಗೇಟ್ ಏಳೂದ್ರಾಗ ಆ ಕಡಿ ಹಾದಿ ಮ್ಯಾಲ
ಅಂವನ ಧೂಳ ಸುದ್ದಾ ಕುಂತಿತ್ತು.

ಮತ್ತ ಬರಲಿಲ್ಲ. ಚಲೋ ಓಡಿರಬೇಕು.
ಮೂವತ್ತನಾಕು ವರ್ಷ ಆತು, ಚಲೋ ಓಡಿರಬೇಕು ಅನ್ಲತೀನಿ.
ಆ ಜರ್ದಾ ಡಬ್ಬ್ಯಾಗ ಅದ ಅದು.
ಬಂದ ಬಂದ ಗಾಡಿಗೆಲ್ಲಾ ಹಚ್ಚಿ ನೋಡೀನಿ,
ಒಂದರ ದೊಡ್ಡದು, ಒಂದರ ಸಣ್ಣದು.

ಬಂದ್ ಮಾಡು. ಐದಲ್ಲ, ಏಳು ನಿಮಿಷ ಆತು.
ಬೋಲ್ಟ್ ತಗದೆ. ವಾಷರ್ ಹಿಡಿ ಮತ್ತ.
ಈಗ ಬಂದದ್ದು ನೋಡು, ಬೆಲ್ಲದ ಚಾ ಬಣ್ಣ.
ಇನ್ನೊಂದು ಸರ್ತಿ ತೊಳದ್ರ?
ತೊಳೀಬಹುದು. ಡಿಜೇಲಿನ ರೊಕ್ಕ ನಿಂದು.
ಪೂರಾ ತಿಳಿ ಅಂತೂ ಆಗಂಗಿಲ್ಲ, ಮೊದಲೇ ಹೇಳ್ಲತೀನಿ.

ಹೊಸಾ ಎಣ್ಣಿ ಅಲ್ಲದ, ನಿನ್ನ ಬೆನ್ನಿಂದ.
ತಡಿ, ತಡಿ, ಮುಚ್ಚಳ ತೆಗೀಬ್ಯಾಡ.
ವಾಷರ್ ಎಲ್ಲಿ?
ಏಳು, ಟಾಯರ್ ಮ್ಯಾಲಿಂದ ಏಳು. ಕಾಲ ಎತ್ತು.
ಏ ಪಾಶಾ, ಅಲ್ಲೇ ನಿಂದ್ರು, ಕಸಬರಗಿ ಮುಟ್ಟಬ್ಯಾಡ.
ಡಬ್ಬ್ಯಾಗ ಬಿತ್ತೇನು?
ಹಂಗ ಯಾಕ ನಿಂತೀದಿ ನೀ, ಬಲಗೈ ಬಿಗಿ ಹಿಡದು?

ಮುಟಗಿ ಬಿಚ್ಚು.